ಅಸಂಭವವೆಂಬ ತಕ್ಕಡಿಯಲ್ಲಿ ದೇವರು



ಹಾಸನದ ಕಾಲೇಜುಗಳಲ್ಲಿ ಓದಿ ಬಂದ ಮಕ್ಕಳು ಮನೆಯಲ್ಲಿ ಆಡುವ ಮಾತೊಂದನ್ನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ತಂದೆತಾಯಿಗಳು ನಮ್ಮ ಮುಂದಿಟ್ಟು ಕೊರಗುವುದುಂಟು: "ದೇವರು ಇರುವ ಸಂಭವ ಬಹಳ ಕಡಿಮೆ, ಆದುದರಿಂದ ದೇವರಿಲ್ಲ." ಈ ಮಾತಿಗೆ ಕೋಪ ಉತ್ತರವಾಗಲಾರದು. ಮಾತನ್ನು ತೂಗಿ ನೋಡೋಣ.

ಒಂದು ನಾಣ್ಯವನ್ನು 20 ಸಲ ಚಿಮ್ಮಿ, ಪ್ರತಿ ಸಲ ಯಾವ ಮುಖ ಬಿತ್ತೆಂದು ಸಾಲಾಗಿ ಬರೆದಿಡಿ. ಅದೇ ಸಾಲು ಬರುವ ಸಂಭವ 10,48,576ರಲ್ಲಿ ಒಂದು. ಆದರೂ ಅದು ಕಣ್ಣೆದುರೇ ಬಂದಿತಲ್ಲ! ವಿರಳವಾದ ಮಾತ್ರಕ್ಕೆ ಯಾವುದೂ ಇಲ್ಲವೆಂದಾಗದು.

ಇನ್ನು, ಸಂಭವವನ್ನು ಹೇಳಬೇಕಾದರೆ ಎಣಿಕೆಗೆ ಆಧಾರ ಬೇಕು. ಜೂನ್ ತಿಂಗಳಲ್ಲಿ ಅರಕಲಗೂಡಿಗೆ ಎಷ್ಟು ಮಳೆಯಾದೀತೆಂದು ಹಿಂದಿನ ವರ್ಷಗಳ ಲೆಕ್ಕ ನೋಡಿ ಊಹಿಸಬಹುದು. ದೇವರಿರುವ ಜಗತ್ತುಗಳೆಷ್ಟು, ಇಲ್ಲದ ಜಗತ್ತುಗಳೆಷ್ಟು ಎಂದು ಎಣಿಸಿದವರಾರು? ನಾವು ಬಲ್ಲುದು ಈ ಒಂದೇ ಜಗತ್ತನ್ನು.

ಎದುರು ಪಕ್ಷದ ಬಲವಾದ ವಾದವನ್ನೂ ಕೇಳಬೇಕು. ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ 2006ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೀಗೆ ವಾದಿಸುತ್ತಾರೆ: ಜಟಿಲವಾದ ಸೃಷ್ಟಿ ತಾನಾಗಿ ಉಂಟಾಗುವುದು ಅಸಂಭವವೆಂದು ಅದಕ್ಕೊಬ್ಬ ಕರ್ತನನ್ನು ಕಲ್ಪಿಸಿದರೆ, ಆ ಕರ್ತನು ಇನ್ನೂ ಜಟಿಲ, ಇನ್ನೂ ಅಸಂಭವ. ದೇವರನ್ನು ಯಂತ್ರ ಜೋಡಿಸುವ ದೊಡ್ಡ ಕುಶಲಕರ್ಮಿಯೆಂದು ಭಾವಿಸುವವರಿಗೆ ಈ ಪೆಟ್ಟು ತಾಗುತ್ತದೆ. ಆದರೆ ಇಂತಹ ಜಟಿಲತೆ ಇರುವುದು ಭಾಗಗಳು ಕೂಡಿ ಆದ ವಸ್ತುವಿಗೆ. 12ನೆಯ ಶತಮಾನದ ಶರಣರು ಅರಿತ ಪರಶಿವತತ್ತ್ವ ನಿಷ್ಕಲ, ನಿರವಯವ. ಅಲ್ಲಮಪ್ರಭುದೇವರು ಅದನ್ನು ಬಯಲು ಎಂದರು. ಭಾಗಗಳೇ ಇಲ್ಲದುದಕ್ಕೆ ಜೋಡಣೆಯ ಲೆಕ್ಕ ಹೊಂದುವುದೆಂತು?

ಹಾಗೆಂದು ನಾವು ಗೆದ್ದೆವೆಂದು ಬೀಗಬೇಕಾಗಿಲ್ಲ. ದೇವರಿದ್ದಾನೆ ಎನ್ನುವವರೂ ಇದೇ ತಕ್ಕಡಿಯನ್ನು ಹಿಡಿಯುವುದುಂಟು. ಗುಜರಿ ಸಾಮಾನಿನ ಅಂಗಳಕ್ಕೆ ಸುಂಟರಗಾಳಿ ನುಗ್ಗಿದರೆ ವಿಮಾನ ಸಿದ್ಧವಾದೀತೇ ಎಂಬ, ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ಉಪಮೆ 1980ರ ದಶಕದಿಂದ ಪ್ರಸಿದ್ಧ. ಆದರೆ ಜೀವಜಾತಿಗಳು ಒಂದೇ ಏಟಿಗೆ ಆದವಲ್ಲ. ಡಾರ್ವಿನ್ 1859ರ ಗ್ರಂಥದಲ್ಲಿ ವಿವರಿಸಿದಂತೆ, ಸಣ್ಣ ಸಣ್ಣ ಮಾರ್ಪಾಡುಗಳು ಪ್ರಕೃತಿಯ ಆಯ್ಕೆಯಲ್ಲಿ ಉಳಿದು, ಒಂದರ ಮೇಲೊಂದು ಕೂಡುತ್ತ ಬಂದವು. ಆದುದರಿಂದ ಅಸಂಭವವೆಂಬ ವಾದ ದೇವರಿಲ್ಲವೆನ್ನಲೂ ಸಾಲದು, ಇದ್ದಾನೆನ್ನಲೂ ಸಾಲದು.

ಲೋಕದಲ್ಲಿ ಇಷ್ಟೊಂದು ನೋವೇಕೆ ಎಂಬ ಪ್ರಶ್ನೆ ಇದಕ್ಕಿಂತ ಭಾರವಾದುದು. ಅದನ್ನು ಕೇಳುವ ಮಗನನ್ನು ನಾಸ್ತಿಕನೆಂದು ಜರೆದು ದೂರ ಮಾಡಬೇಡಿ. ಪ್ರಶ್ನೆಗೆ ಹೆದರುವ ಭಕ್ತಿ ಶರಣರ ಭಕ್ತಿಯಲ್ಲ. ಅನುಭವ ಮಂಟಪ ನಡೆದದ್ದೇ ಕೇಳುವುದರಿಂದ, ಹೇಳುವುದರಿಂದ. ಅಂಗೈಯ ಲಿಂಗವು ಅರಿವಿನ ಕುರುಹು. ಆ ಅರಿವು ಕಾಯಕದಲ್ಲಿ, ದಾಸೋಹದಲ್ಲಿ, ನೊಂದವರ ಸೇವೆಯಲ್ಲಿ ಬೆಳೆಯಬೇಕು. ಮಕ್ಕಳು ನಿಮ್ಮ ವಾದಕ್ಕಿಂತ ಮೊದಲು ನಿಮ್ಮ ನಡೆಯನ್ನು ನೋಡುತ್ತಾರೆ.