ಹಾವು ಗಂಡನಾದಾಗ ಓದುಗರು ಕೇಳುವುದೇನು?

ತೋಳವೋ ಹಾವೋ ಮನುಷ್ಯರೂಪ ತಾಳಿ ಹೆಣ್ಣನ್ನು ಪ್ರೀತಿಸುವ ಕಾದಂಬರಿಗಳು ಈಗ ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಧಾರಾಳವಾಗಿ ಕಾಣಿಸುತ್ತವೆ. ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ (2005) ಮಾಲೆಯ ಜನಪ್ರಿಯತೆಯ ಬಳಿಕ ಇವುಗಳ ಪ್ರವಾಹವೇ ಹರಿದುಬಂದಿದೆ. ಇದನ್ನು ವಿದೇಶಿ ಹುಚ್ಚೆಂದು ತಳ್ಳಿಹಾಕುವ ಹಿರಿಯರು ಒಮ್ಮೆ ಚಿತ್ರದುರ್ಗದ ಬೆಟ್ಟ ಹತ್ತಿ ಬರುವುದೊಳಿತು.

ಅಲ್ಲಿ ಹಿಡಿಂಬೇಶ್ವರನ ಗುಡಿಯಿದೆ. ಹಿಡಿಂಬಾಸುರ ಈ ಬೆಟ್ಟದಲ್ಲೇ ವಾಸವಾಗಿದ್ದನೆಂಬುದು ಸ್ಥಳಪುರಾಣ. ಅವನ ತಂಗಿ ಹಿಡಿಂಬೆ ಭೀಮನನ್ನು ಕಂಡು ಮೋಹಗೊಂಡು ಸುಂದರಿಯ ರೂಪ ತಾಳಿದಳು. ಆದರೆ ತಾನು ಯಾರು, ಅಣ್ಣ ತನ್ನನ್ನು ಏಕೆ ಕಳುಹಿಸಿದ್ದಾನೆ ಎಂಬುದನ್ನು ಆಕೆ ಭೀಮನಿಂದ ಮುಚ್ಚಿಡಲಿಲ್ಲ. ಕುಂತಿಯಲ್ಲಿ ಬೇಡಿಕೊಂಡು, ಮಗ ಹುಟ್ಟುವವರೆಗೆ ಮಾತ್ರ ಎಂಬ ಷರತ್ತಿಗೆ ಒಪ್ಪಿ ಅವನನ್ನು ಪಡೆದಳು.

ಗಿರೀಶ ಕಾರ್ನಾಡರ ‘ನಾಗಮಂಡಲ’ (1988) ನಾಟಕದಲ್ಲಿ ಇದಕ್ಕೆ ತದ್ವಿರುದ್ಧ ಸ್ಥಿತಿ. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳು ಅದರ ಮೂಲ. ಅಪ್ಪಣ್ಣ ಹೆಂಡತಿ ರಾಣಿಯನ್ನು ಮನೆಯೊಳಗೆ ಕೂಡಿಹಾಕಿ ಬೀಗ ಹಾಕಿಕೊಂಡು ಸೂಳೆಯ ಮನೆಗೆ ಹೋಗುತ್ತಾನೆ. ರಾತ್ರಿ ನಾಗ ಅವನದೇ ರೂಪದಲ್ಲಿ ಬಂದು ಅವಳಿಗೆ ಪ್ರೀತಿ ಕೊಡುತ್ತದೆ. ಗರ್ಭಿಣಿಯಾದ ರಾಣಿ ಪಂಚರ ಮುಂದೆ ಹುತ್ತಕ್ಕೆ ಕೈಯಿಕ್ಕಿ ಪ್ರಮಾಣ ಮಾಡಬೇಕಾಗುತ್ತದೆ. ಹಾವು ಹೆಡೆಬಿಚ್ಚಿ ಅವಳಿಗೆ ನೆರಳಾಗುತ್ತಲೇ ಊರು ಅವಳನ್ನು ದೇವಿಯೆಂದು ಪೂಜಿಸುತ್ತದೆ.

ಇಷ್ಟಕ್ಕೆ ಕಥೆ ಮುಗಿಯಿತೆಂದರೆ ನಾಟಕದೊಳಗಿನ ಕೇಳುಗನೇ ಒಪ್ಪುವುದಿಲ್ಲ. ಎರಡು ಬಗೆಯ ಗಂಡನ ನಡುವಿನ ವ್ಯತ್ಯಾಸ ಹೆಂಡತಿಗೆ ತಿಳಿಯದಿರಲು ಸಾಧ್ಯವೇ ಎಂದು ತಕರಾರು ತೆಗೆಯುತ್ತಾನೆ. ಕಥೆಯ ಅಂತ್ಯ ಬದಲಾಗುತ್ತದೆ. ಆ ಅಂತ್ಯವೂ ಎಲ್ಲರಿಗೂ ರುಚಿಸದೆ ಮತ್ತೊಮ್ಮೆ ಬದಲಾಗುತ್ತದೆ. ಓದುಗರ ತಕರಾರಿಗೆ ಕೃತಿಯೊಳಗೇ ಇಷ್ಟು ಗೌರವ ಸಿಕ್ಕಿರುವುದು ಅಪರೂಪ.

ನಮ್ಮ ಜಿಲ್ಲೆಯವರಿಗೆ ನಾಟಕ ನೋಡಿ ವಾದಿಸುವುದು ಹೊಸದಲ್ಲ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಿಗೆ ನಾಟಕ ಕೊಂಡೊಯ್ದಿದೆ. ‘ನಾಗಮಂಡಲ’ವನ್ನು ಓದಿದವರೊಡನೆ, ಟಿ.ಎಸ್. ನಾಗಾಭರಣರ ಚಿತ್ರವಾಗಿ (1997) ನೋಡಿದವರೊಡನೆ ನಾನೂ ಹಲವು ಬಾರಿ ಮಾತನಾಡಿದ್ದೇನೆ. ಹೊಳಲ್ಕೆರೆಯ ಹಿರಿಯ ಮೇಷ್ಟ್ರೊಬ್ಬರು, ‘ಗಂಡನ ರೂಪದಲ್ಲಿ ಬಂದ ಇಂದ್ರನಿಂದಾಗಿ ಅಹಲ್ಯೆಗೂ ಶಾಪ ತಟ್ಟಿತು. ರಾಣಿಗೆ ಮಾತ್ರ ದೇವಿಪಟ್ಟ ಹೇಗೆ?’ ಎಂದರು. ಹಿರಿಯೂರಿನ ಗೃಹಿಣಿಯೊಬ್ಬರು ಕೇಳಿದ್ದು ಬೇರೆ: ‘ಬೀಗ ಹಾಕಿ ಹೋದವನಿಗೆ ಹುತ್ತದಲ್ಲಿ ಕೈಯಿಡು ಎಂದು ಪಂಚರು ಏಕೆ ಹೇಳಲಿಲ್ಲ, ಸಾರ್?’ ಹಾವು ಮನುಷ್ಯನಾಗುವುದು ಹೇಗೆಂದು ಕೇಳಿದವರು ಒಬ್ಬರೂ ಇಲ್ಲ.

ಅಸಾಧ್ಯವನ್ನು ಸಲೀಸಾಗಿ ಒಪ್ಪುವ ಓದುಗರು ಅನ್ಯಾಯವನ್ನು ಒಪ್ಪುವುದಿಲ್ಲ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದರೆ ವ್ಯವಹಾರ ಹೇಗೆ ಕೆಡುತ್ತದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. ಮದುವೆ ಮಾರುಕಟ್ಟೆಯಲ್ಲವೆಂಬುದು ನಿಜ. ಆದರೂ ಸಾಲ, ಕಾಯಿಲೆ, ಹಳೆಯ ಸಂಬಂಧಗಳನ್ನು ಮುಚ್ಚಿಟ್ಟು ನಡೆದ ಮದುವೆಗಳು ಮುರಿದುಬಿದ್ದುದನ್ನು ನಾವೆಲ್ಲ ಬಲ್ಲೆವು. ಪೂರ್ತಿ ತಿಳಿಯದೆ ಕೊಟ್ಟ ಒಪ್ಪಿಗೆಗೆ ಬೆಲೆಯೇನು? ರೂಪ ಮರೆಸಿ ಬಂದ ನಾಗನ ಪ್ರೀತಿ ಎಷ್ಟೇ ಮಧುರವಾಗಿದ್ದರೂ ಈ ಪ್ರಶ್ನೆಗೆ ಅದು ಉತ್ತರ ಕೊಡಲಾರದು. ರಾಕ್ಷಸಿಯಾದರೂ ಹಿಡಿಂಬೆ ಉತ್ತರಿಸಿದ್ದಳು.

ಹಾಗಾಗಿ ಮನೆಯ ಹುಡುಗಿ ಇಂಥ ಕಾದಂಬರಿ ಹಿಡಿದು ಕುಳಿತಿದ್ದರೆ ಗದರುವುದು ಬೇಡ. ‘ಅವನು ಯಾರೆಂಬುದು ಅವಳಿಗೆ ಯಾವಾಗ ತಿಳಿಯಿತಮ್ಮ? ತಿಳಿದ ಮೇಲೆ ಬೇಡವೆನ್ನಲು ದಾರಿಯಿತ್ತೇ?’ ಎಂದು ಕೇಳಿ. ನಾಳೆ ತನ್ನನ್ನು ನೋಡಲು ಬರುವ ವರನ ಬಗ್ಗೆಯೂ ಆಕೆ ಅದೇ ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.