ಐಸ್ ಇಲ್ಲದ ನಾಲ್ಕು ದಿನ

ಸಹಾರಾ ಮರುಭೂಮಿಯ ದಕ್ಷಿಣಕ್ಕೆ, ಸೆನೆಗಲ್‌ನಿಂದ ಇಥಿಯೋಪಿಯಾದವರೆಗೆ ಆಫ್ರಿಕಾದ ಅಡ್ಡಗಲಕ್ಕೂ ಹಬ್ಬಿರುವ ನೆಲವನ್ನು ವೈದ್ಯರು ‘ಮೆನಿಂಜೈಟಿಸ್ ಪಟ್ಟಿ’ ಎಂದು ಕರೆಯುತ್ತಾರೆ. ಒಟ್ಟು 26 ದೇಶಗಳು ಇದರೊಳಗೆ ಬರುತ್ತವೆ. ಡಿಸೆಂಬರ್‌ನಿಂದ ಜೂನ್‌ವರೆಗೆ ಅಲ್ಲಿ ಒಣಹವೆ, ಧೂಳುಗಾಳಿ. ಮಿದುಳಿನ ಪೊರೆಗೆ ತಗಲುವ ಈ ಸೋಂಕು ಹರಡುವುದೂ ಆ ತಿಂಗಳುಗಳಲ್ಲೇ. ಜ್ವರ, ತಲೆನೋವು, ಸೆಟೆದುಕೊಂಡ ಕತ್ತು ಇವಿಷ್ಟರಿಂದ ಶುರುವಾಗಿ ಒಂದೆರಡು ದಿನಗಳಲ್ಲೇ ಪ್ರಾಣ ತೆಗೆಯಬಲ್ಲದು. ಉಳಿದುಕೊಂಡ ಮಕ್ಕಳಲ್ಲಿ ಹಲವರಿಗೆ ಕಿವಿ ಕೇಳಿಸದಂತಾಗುತ್ತದೆ. 1996–97ರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಕಾಯಿಲೆ ತಗಲಿತು, ಸುಮಾರು 25,000 ಜನ ಸತ್ತರು. ರೋಗಾಣುವಿನ ‘ಎ’ ಬಗೆಯೇ ಇದಕ್ಕೆ ಮುಖ್ಯ ಕಾರಣವಾಗಿತ್ತು.

ಆಗಲೂ ಲಸಿಕೆ ಇತ್ತು. ಆದರೆ ಅದರ ರಕ್ಷಣೆ ಎರಡು ಮೂರು ವರ್ಷ ಮಾತ್ರ. ಎಳೆಯ ಮಕ್ಕಳಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಹೀಗಾಗಿ ಸೋಂಕು ಎದ್ದ ಮೇಲೆ ಲಸಿಕೆ ತರಿಸಿ ಹಾಕುವುದೇ ವಾಡಿಕೆಯಾಗಿತ್ತು. ಅದು ಹಳ್ಳಿ ಮುಟ್ಟುವಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಸಾವು ಸಂಭವಿಸಿರುತ್ತಿತ್ತು.

ಮೊದಲು ಬೆಲೆ, ಆಮೇಲೆ ಲಸಿಕೆ

ವಿಶ್ವ ಆರೋಗ್ಯ ಸಂಸ್ಥೆ ಮತ್ತು ‘ಪಾತ್’ ಸಂಸ್ಥೆ 2001ರಲ್ಲಿ ಜೊತೆಗೂಡಿ ಹೊಸ ಲಸಿಕೆಗಾಗಿ ಒಂದು ಯೋಜನೆ ಆರಂಭಿಸಿದವು. ಗೇಟ್ಸ್ ಪ್ರತಿಷ್ಠಾನ 7 ಕೋಟಿ ಡಾಲರ್ ಕೊಟ್ಟಿತು. ಯೋಜನೆಯವರು ಆಫ್ರಿಕಾದ ಆರೋಗ್ಯಾಧಿಕಾರಿಗಳೊಡನೆ ಕೂತು ಮೊದಲು ಕೇಳಿದ್ದು, ನಿಮ್ಮಿಂದ ಎಷ್ಟು ಕೊಡಲಾದೀತು ಎಂಬುದನ್ನು. ಒಂದು ಡೋಸ್‌ಗೆ ಅರ್ಧ ಡಾಲರ್ ಮೀರಬಾರದು ಎಂಬ ಉತ್ತರ ಬಂತು. ದೊಡ್ಡ ಕಂಪನಿಗಳಿಗೆ ಆ ಬೆಲೆ ಹಿಡಿಸಲಿಲ್ಲ. ಕೊನೆಗೆ ಅಮೆರಿಕದ ಸರ್ಕಾರಿ ಪ್ರಯೋಗಾಲಯವೊಂದು ತಂತ್ರವನ್ನು ಒದಗಿಸಿತು, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಲಸಿಕೆ ತಯಾರಿಸಲು ಒಪ್ಪಿತು. ಹೀಗೆ ‘ಮೆನ್‌ಆಫ್ರಿವ್ಯಾಕ್’ ಹುಟ್ಟಿತು.

2010ರ ಡಿಸೆಂಬರ್ 6ರಂದು ಬುರ್ಕಿನಾ ಫಾಸೋದಲ್ಲಿ ಇದರ ಅಭಿಯಾನ ಶುರುವಾಯಿತು. ಒಂದರಿಂದ 29 ವರ್ಷದೊಳಗಿನ ಒಂದು ಕೋಟಿಗೂ ಹೆಚ್ಚು ಜನ ಕೆಲವೇ ದಿನಗಳಲ್ಲಿ ಲಸಿಕೆ ಹಾಕಿಸಿಕೊಂಡರು. ರೋಗಾಣು ಗಂಟಲಲ್ಲಿ ನೆಲೆಯೂರುವುದನ್ನೂ ಈ ಲಸಿಕೆ ತಡೆಯುತ್ತದೆ. ಆದ್ದರಿಂದ ಹಾಕಿಸಿಕೊಳ್ಳದವರಿಗೂ ಅದರ ಆಸರೆ ಸಿಕ್ಕಿತು.

ಕೊನೆಯ ಹತ್ತು ಮೈಲಿಯ ಕಷ್ಟ

ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಕಾರ್ಖಾನೆಯಿಂದ ಮಗುವಿನ ತೋಳಿನವರೆಗೆ ಈ ತಂಪು ಎಲ್ಲೂ ತಪ್ಪದಂತೆ ನೋಡಿಕೊಳ್ಳುವ ಏರ್ಪಾಟೇ ಶೀತಲ ಸರಪಳಿ. ರಾಜಧಾನಿಯ ಉಗ್ರಾಣದಲ್ಲಿ ಇದು ಸುಲಭ, ಅಲ್ಲಿ ಜನರೇಟರ್ ಇರುತ್ತದೆ, ತಂತ್ರಜ್ಞರಿರುತ್ತಾರೆ. ಹಳ್ಳಿಯ ಕಡೆ ಸಾಗಿದಂತೆ ವಿದ್ಯುತ್ ವಿರಳವಾಗುತ್ತದೆ, ದಾರಿ ಕೆಡುತ್ತದೆ. ಕೊನೆಗೆ ಉಳಿಯುವುದು ಲಸಿಕೆ ಪೆಟ್ಟಿಗೆ, ಅದರೊಳಗಿನ ಐಸ್ ಪ್ಯಾಕ್, ಅದನ್ನು ಹೊತ್ತ ಕಾರ್ಯಕರ್ತೆ. ಸಂಜೆಯೊಳಗೆ ಅವರು ಕೇಂದ್ರಕ್ಕೆ ಮರಳಲೇಬೇಕು, ಐಸ್ ಪ್ಯಾಕನ್ನು ಮತ್ತೆ ಹೆಪ್ಪುಗಟ್ಟಿಸಬೇಕು. ಆ ಐಸ್ ಎಷ್ಟು ಹೊತ್ತು ತಡೆಯುತ್ತದೋ ಅಷ್ಟು ದೂರದ ಹಳ್ಳಿಗಳಿಗೆ ಮಾತ್ರ ಲಸಿಕೆ.

ಶಾಖದಂತೆ ಅತಿ ತಂಪೂ ಅಪಾಯ. ಹೆಪಟೈಟಿಸ್ ಬಿ, ಧನುರ್ವಾಯು ಮುಂತಾದ ಲಸಿಕೆಗಳು ಒಮ್ಮೆ ಹೆಪ್ಪುಗಟ್ಟಿದರೆ ಕೆಟ್ಟೇಹೋಗುತ್ತವೆ. ಶಾಖ ತಾಗಿದ್ದನ್ನು ತಿಳಿಯಲು ಸೀಸೆಯ ಮೇಲೊಂದು ಪುಟ್ಟ ಗುರುತು ಇರುತ್ತದೆ. 1996ರಲ್ಲಿ ಇದು ಮೊದಲು ಬಂದದ್ದು ಪೋಲಿಯೊ ಹನಿಯ ಸೀಸೆಯ ಮೇಲೆ. ನಮ್ಮೂರ ಬೂತಿನಲ್ಲೂ ನೋಡಬಹುದು: ವೃತ್ತದೊಳಗೆ ತಿಳಿಬಣ್ಣದ ಚೌಕ. ಚೌಕದ ಬಣ್ಣ ವೃತ್ತದಷ್ಟು ಗಾಢವಾಯಿತೆಂದರೆ ಆ ಸೀಸೆಯನ್ನು ಬಳಸಬಾರದು.

ಬೆನಿನ್ ತೋರಿಸಿದ ದಾರಿ

ಮೆನ್‌ಆಫ್ರಿವ್ಯಾಕ್ ಶಾಖವನ್ನು ಚೆನ್ನಾಗಿ ತಾಳುತ್ತದೆಂದು ಪರೀಕ್ಷೆಗಳು ತೋರಿಸಿದವು. ಅವುಗಳ ಆಧಾರದ ಮೇಲೆ 2012ರಲ್ಲಿ ಅದಕ್ಕೊಂದು ಹೊಸ ಅನುಮತಿ ದೊರೆಯಿತು: ಬಳಸುವ ಮುನ್ನ ನಾಲ್ಕು ದಿನದವರೆಗೆ, 40 ಡಿಗ್ರಿ ಮೀರದಂತೆ, ಐಸ್ ಇಲ್ಲದೆ ಇಡಬಹುದು. ಅದೇ ನವೆಂಬರ್‌ನಲ್ಲಿ ಬೆನಿನ್ ದೇಶದ ಬನಿಕೊವಾರಾ ಜಿಲ್ಲೆಯಲ್ಲಿ ಇದನ್ನು ಮೊದಲ ಬಾರಿಗೆ ಆಚರಣೆಗೆ ತಂದರು. 1,55,000ಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿದ ಮೇಲೆ ಲೆಕ್ಕ ನೋಡಿದರೆ, ಶಾಖ ಅಥವಾ ದಿನದ ಮಿತಿಯಿಂದಾಗಿ ಎಸೆಯಬೇಕಾಗಿ ಬಂದದ್ದು ಹತ್ತಕ್ಕೂ ಕಡಿಮೆ ಸೀಸೆ!

ಇದರ ಹಿಂದೆ ಶಿಸ್ತಿತ್ತು. ಕಾರ್ಯಕರ್ತರಿಗೆ ಮೊದಲೇ ತರಬೇತಿ ಕೊಟ್ಟಿದ್ದರು. ಶಾಖ 40 ಡಿಗ್ರಿ ದಾಟಿದರೆ ಬಣ್ಣ ಬದಲಿಸುವ ಚೀಟಿ ಪೆಟ್ಟಿಗೆಯೊಳಗಿತ್ತು. ಬಳಸದೆ ಮರಳಿದ ಸೀಸೆಗೆ ಗುರುತು ಹಾಕಿ, ಮರುದಿನ ಅದನ್ನೇ ಮೊದಲು ಬಳಸುತ್ತಿದ್ದರು. ದಿನವೂ ಐಸ್‌ಗಾಗಿ ಓಡಾಡುವ ಕೆಲಸ ತಪ್ಪಿದ್ದರಿಂದ ದೂರದ ಹಳ್ಳಿಗಳಲ್ಲೇ ಉಳಿದು ಕೆಲಸ ಮಾಡಲು ಸಾಧ್ಯವಾಯಿತು. ಆದರೂ ಈ ಸಡಿಲಿಕೆ ಪರೀಕ್ಷೆಗೊಳಪಟ್ಟು ಅನುಮತಿ ಪಡೆದ ಲಸಿಕೆಗಳಿಗಷ್ಟೇ ಸಲ್ಲುತ್ತದೆ, ಉಳಿದವುಗಳಿಗೆ ತಂಪು ಬೇಕೇ ಬೇಕು.

ಉಳಿದಿರುವ ಕೆಲಸ

2017ರಿಂದೀಚೆಗೆ ಈ ಪಟ್ಟಿಯಲ್ಲಿ ‘ಎ’ ಬಗೆಯ ಮೆನಿಂಜೈಟಿಸ್ ದೃಢಪಟ್ಟಿಲ್ಲ. ಇದು ನಮ್ಮ ಕಾಲದ ದೊಡ್ಡ ಗೆಲುವುಗಳಲ್ಲೊಂದು. ಆದರೆ ಇತರ ಬಗೆಗಳು ಉಳಿದಿವೆ. 2015ರಲ್ಲಿ ನೈಜರ್‌ನಲ್ಲಿ ‘ಸಿ’ ಬಗೆ ಭಾರಿಯಾಗಿ ಹರಡಿತು. ಐದು ಬಗೆಗಳನ್ನು ಎದುರಿಸುವ ಹೊಸ ಲಸಿಕೆಯೂ ಪುಣೆಯಲ್ಲೇ ತಯಾರಾಗುತ್ತದೆ. 2024ರಲ್ಲಿ ಅದನ್ನು ಮೊದಲು ಬಳಕೆಗೆ ತಂದ ದೇಶ ನೈಜೀರಿಯಾ.

ಬಡ ದೇಶಗಳ ಆರೋಗ್ಯ ಕಾರ್ಯಕ್ರಮ ಬಲಗೊಳ್ಳಬೇಕಾದರೆ ಲಸಿಕೆ ಸಿದ್ಧವಾದ ಮೇಲೆ ಸಾಗಾಟದ ಚಿಂತೆ ಮಾಡಿದರೆ ಸಾಲದು. ಕೊಳ್ಳುವವರ ಶಕ್ತಿ ಎಷ್ಟು, ಊರಲ್ಲಿ ಶಾಖ ಎಷ್ಟು, ವಿದ್ಯುತ್ ಎಷ್ಟು ಹೊತ್ತು ಇರುತ್ತದೆ ಎಂಬ ಪ್ರಶ್ನೆಗಳನ್ನು ಪ್ರಯೋಗಾಲಯದಲ್ಲೇ ಕೇಳಬೇಕು. ಲಸಿಕೆಗೆ ಹಣ ಕೊಡುವ ಸರ್ಕಾರಗಳು ಮತ್ತು ದಾನಿಗಳು ಫ್ರಿಜ್‌ನ ರಿಪೇರಿಗೆ, ದಾಸ್ತಾನು ಲೆಕ್ಕಕ್ಕೆ, ಕಾರ್ಯಕರ್ತೆಯ ತರಬೇತಿ ಮತ್ತು ಸಂಬಳಕ್ಕೂ ಅಷ್ಟೇ ಖಚಿತವಾಗಿ ಹಣ ತೆಗೆದಿಡಬೇಕು. ರಸ್ತೆ ಮುಗಿದ ಮೇಲೂ ಊರುಗಳಿವೆ. ಅಲ್ಲಿನ ಮಗುವಿಗೂ ಲಸಿಕೆ ಸಕಾಲಕ್ಕೆ, ಕೆಡದೆ ತಲುಪಬೇಕು. ಕಾರ್ಯಕ್ರಮ ಗೆದ್ದಿತೋ ಸೋತಿತೋ ಎಂದು ಅಳೆಯಬೇಕಾದದ್ದು ಅಲ್ಲಿಯೇ.