ಡಬ್ಬಿ ಹೊಸದು, ಟಿ.ವಿ. ಹಳೇದು!

ಮರೋಳ: ಟಿ.ವಿ.ಗೆ ಹಚ್ಚುವ ಎಚ್.ಡಿ.ಆರ್. ಡಬ್ಬಿ ತರಲು ಹುನಗುಂದ, ಇಳಕಲ್ಲ ಬಸ್ಸು ಹತ್ತುವವರು ಮೊದಲು ಮನೆಯ ಟಿ.ವಿ. ನೋಡಿಕೊಳ್ಳುವುದು ಒಳ್ಳೇದು. ಎಚ್.ಡಿ.ಆರ್. ಅಂದರೆ ಬಿಸಿಲು ಬಿಸಿಲಾಗಿ, ಕತ್ತಲು ಕತ್ತಲಾಗಿ ಕಾಣುವ ಚಿತ್ರ. ಒಂದೊಂದು ಮೂಲ ಬಣ್ಣಕ್ಕೆ ಹಳೇ ಪದ್ಧತಿಯಲ್ಲಿ 256 ಛಾಯೆ, ಇದರಲ್ಲಿ 1024.

2020ರಲ್ಲಿ 3,499 ರೂಪಾಯಿಗೆ ಬಂದ ಮಿ ಬಾಕ್ಸ್ 4ಕೆ ಎಚ್.ಡಿ.ಆರ್. 10 ತೋರಿಸುತ್ತದೆ, ಡಾಲ್ಬಿ ವಿಷನ್ ಇಲ್ಲ. ಅಮೆಜಾನಿನ ಫೈರ್ ಟಿವಿ ಸ್ಟಿಕ್ 4ಕೆ, ಆಪಲ್ ಟಿವಿ 4ಕೆ ಎರಡನ್ನೂ ತೋರಿಸುತ್ತವೆ. ಆಪಲ್ ಮಾತ್ರ ಭಾಳ ತುಟ್ಟಿ.

ಆದರೆ ಟಿ.ವಿ.ಗೇ ಎಚ್.ಡಿ.ಆರ್. ಬಾರದಿದ್ದರೆ? ಮೂರೂ ಡಬ್ಬಿಯ ಚಿತ್ರ ಸಾದಾ ಚಿತ್ರವೇ! ನೆಟ್‌ಫ್ಲಿಕ್ಸಿನ 4ಕೆ ಚಿತ್ರಕ್ಕೆ 15 ಎಂ.ಬಿ.ಪಿ.ಎಸ್. ನೆಟ್ ಬೇರೆ ಬೇಕು.

ರೊಕ್ಕ ಎಣಿಸೋ ಮುಂಚೆ ಟಿ.ವಿ. ಹಿಂದಿನ ಮಾಡೆಲ್ ನಂಬರ್ ಬರಕೊಂಡು ಅಂಗಡಿಯವರಿಗೆ ತೋರಿಸ್ರಿ.